ಬಿಸಿಗೆ ಗಟ್ಟಿಯಾಗೋ ಜೆಲ್: ಫಾರ್ಮಸಿಸ್ಟ್ ಮೇಡಂಗೆ ಕೇಳಿ

ಮಂಜುಹನಿ: ಮೇಡಂ, ಈ ಬಿಸಿಗೆ ಗಟ್ಟಿಯಾಗೋ ಪಾಲಿಮರ್ ಇದ್ಯಲ್ಲ, ಪೊಲಾಕ್ಸಮರ್ 407, ಫ್ರಿಜ್ಜಿಂದ ತೆಗೆದಾಗ ನೀರಿನ ಥರ ಇತ್ತು, ಸಿರಿಂಜಿಗೆ ತುಂಬಿ ಟೇಬಲ್ ಮೇಲಿಟ್ಟೆ, ಗಟ್ಟಿ ಆಗೋಯ್ತು. ಬಿಸಿನೀರಲ್ಲಿಟ್ಟು ಕರಗಿಸ್ಲಾ?

ಮೇಡಂ: ಬೇಡ, ಇನ್ನೂ ಬಿಗಿಯುತ್ತೆ. ಜಿಲೆಟಿನ್‌ಗೆ ಇದು ಉಲ್ಟಾ. ಐಸ್ ಮೇಲಿಡಿ, ತಾನಾಗೇ ಇಳಿಯುತ್ತೆ.

ಕುಲುಮೆ: ಸೆರಾಮಿಕ್ ಪೇಸ್ಟಿಗೆ ಮೀಥೈಲ್ ಸೆಲ್ಯುಲೋಸ್ ಹಾಕ್ತೀವಿ, ಒಣಗಿಸೋ ಬಿಸಿಗೆ ಬಿಗಿದು ಆಕಾರ ಹಿಡಿಯುತ್ತೆ. ಆದ್ರೆ ಪೇಸ್ಟ್ ಒತ್ತಿ ಹೊರಹಾಕೋ ಮೆಷಿನ್, ಎಕ್ಸ್‌ಟ್ರೂಡರ್, ಅದರ ಒಳಗೇ ಬಿಗೀತಿದೆ, ಬ್ಯಾರೆಲ್ ತಣ್ಣಗಿಡ್ಬೇಕಾ?

ಎಳೆ: ಪೊಲಾಕ್ಸಮರ್ ಎಳೆ ಪ್ರಿಂಟ್ ಮಾಡಿ, ಸುತ್ತ ಜಿಲೆಟಿನ್ ಎರೆದು, 4 ಡಿಗ್ರಿಗೆ ಇಳಿಸಿ ಎಳೆ ತೊಳೆದು ತೆಗೀತೀನಿ. ಕೊಳವೆ ಚೆನ್ನಾಗೇ ಬರುತ್ತೆ, ಬಣ್ಣದ ನೀರು ಬಿಟ್ರೆ ಸರಾಗ ಹರಿಯುತ್ತೆ. ಇನ್‌ಕ್ಯುಬೇಟರಲ್ಲಿ ಒಂದು ರಾತ್ರಿ ಇಟ್ರೆ ಎಲ್ಲಾ ಮುಚ್ಚೋಗಿರುತ್ತೆ.

ಮೇಡಂ: ಇದು ನೋಡಿ, ಒಳ್ಳೇ ಪ್ರಶ್ನೆ. ಪೊಲಾಕ್ಸಮರ್ ಎಳೆಯದು ತಪ್ಪಿಲ್ಲ, ತಪ್ಪು ಸುತ್ತಲಿನ ಜಿಲೆಟಿನ್‌ದು. ತಣ್ಣಗಾದಾಗ ಪೊಲಾಕ್ಸಮರ್ ನೀರಾಗುತ್ತೆ, ಜಿಲೆಟಿನ್ ಗಟ್ಟಿಯಾಗುತ್ತೆ, ಅದಕ್ಕೇ ಕೊಳವೆ ನಿಲ್ಲುತ್ತೆ, ಆದ್ರೆ 37 ಡಿಗ್ರಿಗೆ ಬಂದ ಕೂಡ್ಲೇ ಜಿಲೆಟಿನ್ನೇ ಕರಗಿ ಕೊಳವೆಯೊಳಗೆ ಕುಸಿಯುತ್ತೆ, ಅಷ್ಟೇ. ಎರೆಯೋ ಮುಂಚೆ ಟ್ರಾನ್ಸ್‌ಗ್ಲುಟಾಮಿನೇಸ್ ಅನ್ನೋ ಕಿಣ್ವ ಬೆರೆಸಿ, ಬೆಚ್ಚಗೇ ಬಿಟ್ಟು ಜಿಲೆಟಿನ್ ಅಣುಗಳನ್ನ ಒಂದಕ್ಕೊಂದು ಕಟ್ಟಿಸಿ, ಆಮೇಲೆ ಇಳಿಸಿ ತೊಳೀರಿ. ಜಿಲೆಟಿನ್ ಕಟ್ಟೋದು ತಡವಾದ್ರೆ ಅದರ ನೀರು ಸೇರಿ ಪೊಲಾಕ್ಸಮರ್ ತೆಳುವಾಗುತ್ತೆ, ಎಳೆ ಸಣ್ಣಗಾಗುತ್ತೆ, ಅದನ್ನೂ ಮೈಕ್ರೋಸ್ಕೋಪಲ್ಲಿ ನೋಡ್ಕೊಳ್ಳಿ. ಏನಾಯ್ತು ಅಂತ ಇಲ್ಲೇ ಹಾಕಿ.

ಮಳೆ: ಫಾರ್ವರ್ಡ್ ಬಂತು, ಕೋಲ್ಡ್ ಪ್ಯಾಕ್ ಕತ್ತರಿಸಿ ಒಳಗಿನ ಜೆಲ್ ಸುಟ್ಟ ಗಾಯಕ್ಕೆ ಹಚ್ಚಿದ್ರೆ ಮೈ ಬಿಸಿಗೆ ಬ್ಯಾಂಡೇಜ್ ಥರ ಕೂರುತ್ತಂತೆ. ಮಗುಗೆ ಹಚ್ಬಹುದಾ?

ಮೇಡಂ: ದಯವಿಟ್ಟು ಹಚ್ಬೇಡಿ!! ಅದು ಬಿಸಿಗೆ ಗಟ್ಟಿಯಾಗೋ ಜೆಲ್ಲೂ ಅಲ್ಲ, ಸ್ಟೆರೈಲೂ ಅಲ್ಲ. 20 ನಿಮಿಷ ನಲ್ಲಿ ನೀರು ಹರಿಸಿ, ಐಸ್ ಬೇಡ, ಪೇಸ್ಟ್ ಬೇಡ, ಮಗು ಅಂದ್ರೆ ಡಾಕ್ಟರಿಗೆ ತೋರ್ಸಿ. ಇಂಥ ಮೆಸೇಜ್ ಮುಂದಕ್ಕೆ ಕಳಿಸೋರು ಒಂದ್ಸಲ ಯೋಚ್ನೆ ಮಾಡ್ರಪ್ಪಾ.

ನಿಧಾನಿ: ಪೊಲಾಕ್ಸಮರ್ ಅಂದ್ರೆ 32 ಡಿಗ್ರಿಗೆ ಬದಲಾಗೋ ಪಿ-ನೈಪಾಮ್ ಪಾಲಿಮರ್ ತಾನೇ? ಎಲ್ಲಾ ಒಂದೇ.

ಮಂಜುಹನಿ: ಒಂದೇ ಅಲ್ಲ. ಬಿಸಿಗೆ ಪಿ-ನೈಪಾಮ್ ನೀರು ಬಿಟ್ಟು ಮುದುಡುತ್ತೆ, ಪೊಲಾಕ್ಸಮರ್ ನೀರು ಹಿಡ್ಕೊಂಡೇ ಗಟ್ಟಿಯಾಗುತ್ತೆ. ಪ್ಲೇಟಿಗೆ ಪಿ-ನೈಪಾಮ್ ಲೇಪ ಕೊಟ್ಟು ಜೀವಕೋಶ ಬೆಳೆಸಿ 20 ಡಿಗ್ರಿಗೆ ಇಳಿಸಿದ್ರೆ ಇಡೀ ಹಾಳೆಯಾಗಿ ಎದ್ದು ಬರುತ್ತೆ, ಜಪಾನಿನ ಒಕಾನೊ ಅವರ ತಂಡ ಮಾಡಿ ತೋರ್ಸಿದ್ದು.

ನಿಧಾನಿ: ಓದಿದ್ದನ್ನೆಲ್ಲ ಇಲ್ಲಿ ಒಪ್ಪಿಸ್ಬೇಡ.

ಮಂಜುಹನಿ: ನೀವು ತಪ್ಪು ಹೇಳ್ತಿದ್ರೆ ಸುಮ್ನೆ ಇರ್ಲಾ?

ಸಂಜೆ: ಸಿರಿಂಜಲ್ಲಿ ಜೆಲ್ ಗಟ್ಟಿಯಾಗಿದೆ, ಬಿಸಿ ಮಾಡ್ಲಾ ಮೇಡಂ?

ಮೇಡಂ: ಮೇಲೆ ಓದಿ.

ಕುಲುಮೆ: ಮೇಡಂ, ನನ್ನ ಎಕ್ಸ್‌ಟ್ರೂಡರ್?