‘ಹ್ಯಾಪಿ’ ಅಂದರೆ ಖುಷಿಯೋ ಅದೃಷ್ಟವೋ?

ತುಮಕೂರು ತಿಮ್ಮ: ‘ಹ್ಯಾಪಿ’ಯ ಬುಡ ‘ಹ್ಯಾಪ್’. ಅದು ಉತ್ತರ ಯುರೋಪಿನ ಹಳೆಯ ಕಡಲುಗಾರರಾದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದದ್ದು, ಅರ್ಥ ಅದೃಷ್ಟ. 14ನೇ ಶತಮಾನದಲ್ಲಿ ಯಾರನ್ನಾದರೂ ಹ್ಯಾಪಿ ಅಂದರೆ ಅವನ ನಸೀಬು ಚೆನ್ನಾಗಿದೆ ಅಂತ. ಖುಷಿ ಅನ್ನುವ ಅರ್ಥ ಸೇರಿದ್ದು 16ನೇ ಶತಮಾನದಲ್ಲಿ. ಅಂದರೆ ಇಂಗ್ಲಿಷರ ಪಾಲಿಗೆ ಖುಷಿ ಗಳಿಸುವುದಲ್ಲ, ಹಣೆಯಲ್ಲಿ ಬರೆದಿದ್ದರೆ ಸಿಗುವುದು. ಅಲ್ವಾ?

ಇಂಗ್ಲಿಷ್ ಮೇಷ್ಟ್ರು: ಪದದ ಜಾತಕ ನೋಡಿ ಜನರ ಮನಸ್ಸು ಹೇಳೋಕೆ ಆಗಲ್ಲ ಸಾರ್. ‘ಸಿಲ್ಲಿ’ ತಗೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಪದಕ್ಕೆ ಸುಖಿ, ಪುಣ್ಯವಂತ ಅಂತ ಅರ್ಥ. ಆಮೇಲೆ ‘ಅಯ್ಯೋ ಪಾಪ’ ಅನ್ನಿಸುವವನು, ಕೊನೆಗೆ ಪೆದ್ದ. ಹಾಗಂತ ಇಂಗ್ಲಿಷರಿಗೆ ಸುಖವಾಗಿರುವವರೆಲ್ಲ ಪೆದ್ದರಾ? ಜರ್ಮನ್‌ನಲ್ಲಿ ಇದರ ದಾಯಾದಿ ‘ಝೇಲಿಶ್’ ಇವತ್ತಿಗೂ ಪುಣ್ಯವಂತನೇ. (ತೀರಿಹೋದವರ ಬಗ್ಗೆಯೂ ಅದೇ ಪದ ಬಳಸುತ್ತಿದ್ದರು, ಅದು ಬೇರೆ ಮಾತು.)

ಕಡಲೆಪುರಿ: ಹಳೆಯ ಅರ್ಥ ಸತ್ತಿಲ್ಲ ಮೇಷ್ಟ್ರೇ. ‘ಹ್ಯಾಪನ್’ (ಆಗುವುದು), ‘ಪರ್‌ಹ್ಯಾಪ್ಸ್’ (ಬಹುಶಃ), ‘ಮಿಸ್‌ಹ್ಯಾಪ್’ (ಅವಘಡ), ‘ಹ್ಯಾಪ್‌ಲೆಸ್’ (ನಸೀಬುಗೆಟ್ಟ) ಎಲ್ಲ ಒಂದೇ ಮನೆಯವು. ಒಂದರಲ್ಲೂ ನಗು ಇಲ್ಲ. ‘ಹ್ಯಾಪಿ ಆಕ್ಸಿಡೆಂಟ್’ ಅನ್ನುತ್ತಾರಲ್ಲ, ಅಲ್ಲಿ ಆಕ್ಸಿಡೆಂಟ್ ಏನು ಹಲ್ಲು ಕಿರಿಯುತ್ತಾ? ನಮ್ಮ ಪುಣ್ಯಕ್ಕೆ ಹಾಗಾಯ್ತು ಅಂತ ತಾನೇ?

ತುಮಕೂರು ತಿಮ್ಮ: ಹಾಗೆ ಹೇಳಿ! ಪಕ್ಕದವರನ್ನೂ ನೋಡಿ. ಜರ್ಮನ್‌ನಲ್ಲಿ ಅದೃಷ್ಟವೂ ‘ಗ್ಲ್ಯುಕ್’, ಸುಖವೂ ‘ಗ್ಲ್ಯುಕ್’. ಫ್ರೆಂಚಿನ ‘ಬೊನರ್’ ಬಿಡಿಸಿದರೆ ಒಳ್ಳೆಯ ಶಕುನ. ಮೂರು ಕಡೆಯೂ ಇದೇ ಕಥೆ. ಸುಮ್ನೆ ಕಾಕತಾಳೀಯ ಅನ್ನೋಣವಾ?

ಇಂಗ್ಲಿಷ್ ಮೇಷ್ಟ್ರು: ಜಾಸ್ತಿ ಎಳೆಯಬೇಡಿ. ‘ಗ್ಲ್ಯಾಡ್’ ಅಂದರೂ ಖುಷಿಯೇ, ಅದರ ಹಳೆಯ ಅರ್ಥ ಥಳಥಳ ಹೊಳೆಯುವುದು. ಜರ್ಮನ್‌ನ ‘ಗ್ಲಾಟ್’ ಅಂದರೆ ನುಣುಪು, ಅದೂ ಇದರ ನೆಂಟನೇ. ಅಲ್ಲಿ ಅದೃಷ್ಟ ಎಲ್ಲಿದೆ? ‘ಹ್ಯಾಪ್’ ಕಾಲಿಡುವ ಮೊದಲೇ ಇಂಗ್ಲಿಷಿನಲ್ಲಿ ‘ಗ್ಲ್ಯಾಡ್’ ಇತ್ತು, ‘ಬ್ಲಿಸ್’ (ಆನಂದ) ಇತ್ತು. ವೈಕಿಂಗರು ಪದ ಕೊಡುವ ತನಕ ಅಲ್ಲಿ ಯಾರೂ ಖುಷಿಯಾಗಿರಲಿಲ್ವಾ?

ಮಲ್ಲಿಗೆಮೊಗ್ಗು: ನನಗೆ ಕುತೂಹಲ ಇರುವುದು ಅರ್ಥ ಬದಲಾದ ಮೇಲೆ ಏನಾಯ್ತು ಅನ್ನುವುದರಲ್ಲಿ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ‘ಹ್ಯಾಪಿನೆಸ್’ ಬೆನ್ನಟ್ಟುವುದು ಮನುಷ್ಯನ ಹಕ್ಕು ಅಂತ ಬರೆದರು. ಪದದಲ್ಲಿ ಬರೀ ಅದೃಷ್ಟವೇ ಉಳಿದಿದ್ದರೆ ಹಾಗೆ ಬರೆಯಲು ಆಗುತ್ತಿತ್ತಾ? ಲಾಟರಿ ಹೊಡೆಯುವುದು ನನ್ನ ಹಕ್ಕು ಅಂದ ಹಾಗಿರುತ್ತಿತ್ತು.

ತುಮಕೂರು ತಿಮ್ಮ: ಹಾಗಾದರೆ 400 ವರ್ಷದಲ್ಲಿ ಹಣೆಬರಹದಿಂದ ಹಕ್ಕಿಗೆ ಬಂತು. ಸಣ್ಣ ಬದಲಾವಣೆ ಅಲ್ಲ ಇದು.

ಕಡಲೆಪುರಿ: ಆದರೆ ಗಮನಿಸಿ, ಹಕ್ಕು ಕೊಟ್ಟಿರುವುದು ಬೆನ್ನಟ್ಟೋಕೆ. ಸಿಕ್ಕೇ ಸಿಗುತ್ತೆ ಅಂತ ಅವರೂ ಬರೆದಿಲ್ಲ!