ಡಿಸಿ-6: ಕೆಳಗಿಳಿಯುವಾಗಲೇ ಎಂಜಿನ್ ಕೈಕೊಡುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಮೋಡದಾಚೆ

ಎಲ್ಲರಿಗೂ ನಮಸ್ಕಾರ. ಆರೇಳು ವರ್ಷದಿಂದ ಮನೆಯ ಸಿಮ್ಯುಲೇಟರ್‌ನಲ್ಲಿ ಬರೀ ಜೆಟ್ ವಿಮಾನಗಳನ್ನೇ ಹಾರಿಸಿಕೊಂಡು ಬಂದಿದ್ದೇನೆ. ಎರಡು ತಿಂಗಳ ಹಿಂದೆ ಡಗ್ಲಾಸ್ ಡಿಸಿ-6 ಅನ್ನುವ ಹಳೆಯ ಪ್ರೊಪೆಲ್ಲರ್ ವಿಮಾನ ಹಾಕಿಕೊಂಡೆ. ಅವತ್ತಿನಿಂದ ಬೇರೆ ಯಾವ ವಿಮಾನವನ್ನೂ ತೆರೆದಿಲ್ಲ. ನಾಲ್ಕು ಎಂಜಿನ್ ಒಂದರ ಹಿಂದೆ ಒಂದು ಹೊಗೆ ಬಿಟ್ಟು ಶುರುವಾಗುವುದನ್ನು ಕೇಳುವುದೇ ಒಂದು ಖುಷಿ.

ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಟಾರ್ಟ್ ಸರಿಯಾಗುತ್ತದೆ, ಟೇಕಾಫ್ ಸರಿ, 18,000 ಅಡಿಗೆ ಏರಿ ಕ್ರೂಸ್ ಮಾಡುವವರೆಗೂ ಮೀಟರ್‌ಗಳಲ್ಲಿ ಯಾವ ಮುಳ್ಳೂ ಕೆಂಪಿಗೆ ಹೋಗುವುದಿಲ್ಲ. ತೊಂದರೆ ಶುರುವಾಗುವುದು ಇಳಿಯುವಾಗ. ಊರು ಹತ್ತಿರ ಬಂತು ಅಂತ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು, ಮೂಗು ತಗ್ಗಿಸಿ, ನಿಮಿಷಕ್ಕೆ 1,800 ಅಡಿ ಲೆಕ್ಕದಲ್ಲಿ ಇಳಿಯುತ್ತೇನೆ. ಆರ್‌ಪಿಎಂ 2,100ರಲ್ಲೇ ಇರುತ್ತದೆ, ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ, ಪಾದರಸದ ಇಂಚಿನಲ್ಲಿ) 14 ಇಂಚಿಗೆ ಬೀಳುತ್ತದೆ. ಸಿಲಿಂಡರ್ ಹೆಡ್ ಟೆಂಪರೇಚರ್ ನೋಡನೋಡುತ್ತಲೇ ಕುಸಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೂರನೇ ಎಂಜಿನ್ ನಡುಗಲು ಶುರು, ಆಯಿಲ್ ಪ್ರೆಶರ್ ಇಳಿಯುತ್ತದೆ, ಕೊನೆಗೆ ಎಂಜಿನ್ ನಿಲ್ಲಿಸಿ ಫೆದರ್ ಮಾಡಲೇಬೇಕಾಗುತ್ತದೆ (ಬ್ಲೇಡ್‌ಗಳ ಅಂಚನ್ನು ಗಾಳಿಗೆ ತಿರುಗಿಸುವುದು). ನಾಲ್ಕು ಹಾರಾಟದಲ್ಲಿ ಮೂರು ಸಲ ಹೀಗೇ ಆಗಿದೆ, ಅದೂ ಮೂರನೇ ಎಂಜಿನ್ನೇ.

ಡ್ಯಾಮೇಜ್ ಆಯ್ಕೆಯನ್ನು ಆಫ್ ಮಾಡಿದರೆ ಇದ್ಯಾವುದೂ ಇರುವುದಿಲ್ಲ ಅಂತ ಗೊತ್ತು. ಹಾಗೆ ಮಾಡಲು ಮನಸ್ಸಿಲ್ಲ. ಸರಿಯಾಗಿ ಹಾರಿಸುವುದನ್ನೇ ಕಲಿಯಬೇಕು ಅಂತ ಆಸೆ. ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ.

ಬಿಸಿಎಣ್ಣೆ

ಡ್ಯಾಮೇಜ್ ಆಫ್ ಮಾಡಬೇಡಿ, ಒಳ್ಳೆ ನಿರ್ಧಾರ. ನಿಮ್ಮ ತಪ್ಪು ನಿಮ್ಮ ಬರಹದಲ್ಲೇ ಇದೆ: 2,100 ಆರ್‌ಪಿಎಂ, 14 ಇಂಚು.

ಡಿಸಿ-6ರ ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿ ಆರ್-2800. ಒಂಬತ್ತೊಂಬತ್ತು ಸಿಲಿಂಡರ್‌ಗಳ ಎರಡು ಸಾಲು, ಒಟ್ಟು 18. ಒಂದು ಸಾಲಿನ ಒಂಬತ್ತು ಪಿಸ್ಟನ್‌ಗಳೂ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ದಂಡ) ನೇರವಾಗಿ ಸೇರಿರುವುದಿಲ್ಲ. ಒಂದೇ ಒಂದು ಮಾಸ್ಟರ್ ರಾಡ್ ಕ್ರ್ಯಾಂಕ್‌ಪಿನ್ನನ್ನು ಹಿಡಿದಿರುತ್ತದೆ, ಉಳಿದ ಎಂಟು ರಾಡ್‌ಗಳು ಆ ಮಾಸ್ಟರ್ ರಾಡ್‌ಗೆ ಸೇರಿಕೊಂಡಿರುತ್ತವೆ. ಅಂದರೆ ಒಂಬತ್ತು ಸಿಲಿಂಡರ್‌ಗಳ ಭಾರವೆಲ್ಲ ಒಂದೇ ಬೇರಿಂಗ್ ಮೇಲೆ. ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುತ್ತಿರುವಾಗ ಸಿಲಿಂಡರ್ ಒಳಗಿನ ಒತ್ತಡ ಪಿಸ್ಟನ್‌ಗಳನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಬೇರಿಂಗ್ ಹಾಗೂ ಅದರ ಎಣ್ಣೆ ಪದರ ಆ ಲೆಕ್ಕಕ್ಕೇ ತಯಾರಾದದ್ದು. ನೀವು ಥ್ರಾಟಲ್ ಮುಚ್ಚಿ ವೇಗವಾಗಿ ಇಳಿದಾಗ ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಪ್ರೊಪೆಲ್ಲರ್ ಎಂಜಿನ್ನನ್ನು ತಿರುಗಿಸುತ್ತದೆ. ಒಳಗೆ ತಡೆಯಲು ಒತ್ತಡವಿಲ್ಲ, ಪಿಸ್ಟನ್‌ಗಳು ಹೊರಕ್ಕೆ ಜಗ್ಗುತ್ತವೆ, ಬೇರಿಂಗ್ ಮೇಲೆ ಬೀಳುವ ಭಾರದ ದಿಕ್ಕೇ ಬದಲಾಗುತ್ತದೆ. ಎಣ್ಣೆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಮುಂದಿನದು ನೀವೇ ನೋಡಿದ್ದೀರಿ.

ಅದಕ್ಕೇ ಹೀಗೆ ಸುತ್ತಲೂ ಸಿಲಿಂಡರ್ ಇರುವ ರೇಡಿಯಲ್ ಎಂಜಿನ್ ಹಾರಿಸುವವರು ಒಂದು ಸುಲಭ ಲೆಕ್ಕ ಇಟ್ಟುಕೊಂಡಿರುತ್ತಾರೆ: ಪ್ರತಿ 100 ಆರ್‌ಪಿಎಂಗೆ ಕನಿಷ್ಠ ಒಂದು ಇಂಚು. 2,100 ಇದ್ದರೆ 21 ಇಂಚಿಗಿಂತ ಕೆಳಗೆ ಹೋಗುವಂತಿಲ್ಲ. ಇನ್ನೂ ಕಡಿಮೆ ಪವರ್ ಬೇಕು ಅಂದರೆ ಮೊದಲು ಥ್ರಾಟಲನ್ನು ಅಷ್ಟಕ್ಕೆ ತನ್ನಿ, ಆಮೇಲೆ ಆರ್‌ಪಿಎಂ 1,800ಕ್ಕೆ ಇಳಿಸಿ. ಆಗ 18 ಇಂಚಿನವರೆಗೆ ಹೋಗಬಹುದು. ಈ ಕ್ರಮ ತಿರುಗಿಸಬೇಡಿ. ಕಡಿಮೆ ಆರ್‌ಪಿಎಂ, ಜಾಸ್ತಿ ಪ್ರೆಶರ್ ಆದರೆ ಡೆಟನೇಶನ್ (ಇಂಧನ ಒಮ್ಮೆಲೇ ಸಿಡಿಯುವುದು) ಅನ್ನುವ ಇನ್ನೊಂದು ಕಾಯಿಲೆ ಬರುತ್ತದೆ. ಪವರ್ ಏರಿಸುವಾಗ ಇದರ ಉಲ್ಟಾ: ಮಿಕ್ಸ್ಚರ್ (ಗಾಳಿ-ಇಂಧನದ ಪ್ರಮಾಣ), ಆರ್‌ಪಿಎಂ, ಕೊನೆಗೆ ಥ್ರಾಟಲ್.

ಮೂರನೇ ಎಂಜಿನ್ನೇ ಯಾಕೆ ಅಂದರೆ, ಒಮ್ಮೆ ಅದು ಪೆಟ್ಟು ತಿಂದಿದೆ. ಕೆಲವು ಡಿಸಿ-6 ಮಾದರಿಗಳಲ್ಲಿ ಹಿಂದಿನ ಹಾರಾಟದ ಸವೆತ ಹಾಗೇ ಉಳಿದುಕೊಳ್ಳುತ್ತದೆ. ಮೇಂಟೆನೆನ್ಸ್ ಪುಟ ಇದೆಯಾ ನೋಡಿ, ಆ ಎಂಜಿನ್ ರಿಪೇರಿ ಮಾಡಿಸಿ ಆಮೇಲೆ ಹಾರಿ.

ಮೋಡದಾಚೆ

ಸರ್, ಇದು ಗೊತ್ತೇ ಇರಲಿಲ್ಲ. ಮೇಂಟೆನೆನ್ಸ್ ಪುಟ ನೋಡಿದೆ, ಮೂರನೆಯದು ನಿಜವಾಗಲೂ ಸವೆದಿತ್ತು, ಸರಿ ಮಾಡಿಸಿದೆ. ಆದರೆ 20 ಇಂಚು ಪವರ್ ಇಟ್ಟುಕೊಂಡು ಇಳಿಯಲು ಹೋದರೆ ವೇಗ ಏರುತ್ತಲೇ ಹೋಗುತ್ತದಲ್ವಾ? ನಿನ್ನೆ ಪ್ರಯತ್ನಿಸಿದೆ, ವೇಗದ ಮಿತಿ ಮುಟ್ಟಿ ಹಾರ್ನ್ ಕೂಗಿತು. ಇಳಿಯುವುದು, ನಿಧಾನ ಆಗುವುದು, ಎರಡೂ ಒಟ್ಟಿಗೆ ಹೇಗೆ?

ಕಾನಿ1049

ಒಟ್ಟಿಗೆ ಆಗುವುದಿಲ್ಲ. ಜೆಟ್ ಅಭ್ಯಾಸ ನಿಮ್ಮನ್ನು ಕಾಡುತ್ತಿರುವುದು ಇಲ್ಲೇ. ಜೆಟ್‌ನಲ್ಲಿ 18,000ದಿಂದ 3,000 ಅಡಿಗೆ ಇಳಿಯಲು 15ರ ಮೂರರಷ್ಟು, ಅಂದರೆ 45 ಮೈಲಿ ಮುಂಚೆ ಥ್ರಾಟಲ್ ಎಳೆದರೆ ಸಾಕು. ಇಲ್ಲಿ ನಿಮಿಷಕ್ಕೆ 500 ಅಡಿ ಅಂತ ಇಟ್ಟುಕೊಳ್ಳಿ. 15,000 ಅಡಿಗೆ 30 ನಿಮಿಷ ಬೇಕು. 240 ನಾಟ್ ವೇಗದಲ್ಲಿ ನಿಮಿಷಕ್ಕೆ 4 ನಾಟಿಕಲ್ ಮೈಲಿ. ಹಾಗಾದರೆ 120 ಮೈಲಿ ಮೊದಲೇ ಶುರು ಮಾಡಬೇಕು. ಊರು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ನೀವು ಇಳಿಯುತ್ತಿರಬೇಕು. ಅಷ್ಟು ಮೆತ್ತಗೆ ಇಳಿದರೆ ವೇಗ ಓಡಿಹೋಗುವುದಿಲ್ಲ, ಎಂಜಿನ್ ಕೂಡ ಬೆಚ್ಚಗಿರುತ್ತದೆ.

ನಿಧಾನ ಆಗಲು ಒಂದು ಸಮತಟ್ಟಾದ ತುಂಡು ಇಟ್ಟುಕೊಳ್ಳಿ. 3,000 ಅಡಿಗೆ ಬಂದು, ಎತ್ತರ ಕಾಯ್ದುಕೊಂಡು, ಪವರ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹತ್ತು ಮೈಲಿ ಹಾರಿ. ಫ್ಲ್ಯಾಪ್, ಗೇರ್ ಯಾವ ವೇಗಕ್ಕೆ ಇಳಿಸಬಹುದು ಅಂತ ಪ್ಲಕಾರ್ಡ್ ನೋಡಿಕೊಂಡು ಹಂತಹಂತವಾಗಿ ಇಳಿಸಿ, ವೇಗ ತಾನೇ ಬೀಳುತ್ತದೆ. ವೇಗ ಕಡಿಮೆ ಮಾಡಲು ಅಂತ ಕೌಲ್ ಫ್ಲ್ಯಾಪ್ (ಎಂಜಿನ್ ತಣಿಸುವ ಗಾಳಿಯ ಬಾಗಿಲು) ಮಾತ್ರ ತೆರೆಯಬೇಡಿ, ಮೊದಲೇ ತಣ್ಣಗಾಗುತ್ತಿರುವ ಸಿಲಿಂಡರ್ ಮೇಲೆ ಇನ್ನಷ್ಟು ಗಾಳಿ ಸುರಿದ ಹಾಗೆ.

ಇನ್ನೊಂದು ವಿಷಯ. ಥ್ರಾಟಲ್ ಮುಟ್ಟದೇ ಇದ್ದರೂ, ಕೆಳಗೆ ಬಂದಂತೆ ಗಾಳಿ ದಟ್ಟವಾಗುತ್ತಾ ಮ್ಯಾನಿಫೋಲ್ಡ್ ಪ್ರೆಶರ್ ತಾನಾಗಿ ಏರುತ್ತದೆ, ಸಾವಿರ ಅಡಿಗೆ ಹೆಚ್ಚು ಕಡಿಮೆ ಒಂದು ಇಂಚು. ಆದ್ದರಿಂದ ಒಮ್ಮೆ ಹೊಂದಿಸಿ ಕೂರುವಂತಿಲ್ಲ, ಎರಡು ಮೂರು ನಿಮಿಷಕ್ಕೊಮ್ಮೆ ಕೈ ಹಾಕಬೇಕು. ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಹೈ ಬ್ಲೋವರ್‌ನಲ್ಲಿ, ಅಂದರೆ ಹೆಚ್ಚಿನ ವೇಗದಲ್ಲಿದ್ದರೆ ದಾರಿಯಲ್ಲಿ ಲೋಗೆ ತನ್ನಿ. ಲೋಗೆ ಬಂದ ಕೂಡಲೇ ಪ್ರೆಶರ್ ಕುಸಿಯುತ್ತದೆ, ಆಗ ಆ ನೂರಕ್ಕೊಂದಿಂಚಿನ ಗೆರೆ ದಾಟಿಹೋಗದಂತೆ ನೋಡಿಕೊಳ್ಳಿ. ಮೋಡ, ತೇವ ಇದ್ದರೆ ಕಾರ್ಬ್ಯುರೇಟರ್ ಟೆಂಪರೇಚರ್ ಕಡೆಗೂ ಒಂದು ಕಣ್ಣಿರಲಿ. ಹೊರಗೆ ಚಳಿ ಇಲ್ಲದಿದ್ದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ.

ಇದೆಲ್ಲ ಒಬ್ಬರೇ ಮಾಡುವ ಕೆಲಸ ಅಲ್ಲ ಅನ್ನುವುದು ನೆನಪಿರಲಿ. ಡಿಸಿ-6ರಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಫ್ಲೈಟ್ ಎಂಜಿನಿಯರ್ ಕೂರುತ್ತಿದ್ದರು. ನಾನು ಹಾರಿಸುವ ಸೂಪರ್ ಕಾನ್‌ಸ್ಟೆಲೇಶನ್‌ನಲ್ಲಂತೂ ಎಂಜಿನಿಯರ್‌ಗೆ ಬೇರೆಯದೇ ಪ್ಯಾನೆಲ್ ಇದೆ. ಅದರ ಟರ್ಬೋ ಕಾಂಪೌಂಡ್ ಎಂಜಿನ್‌ಗಳಲ್ಲಿ ಒಂದೊಂದಕ್ಕೂ ಮೂರು ಟರ್ಬೈನ್, ಹೊಗೆಯ ಶಕ್ತಿಯನ್ನೂ ಕ್ರ್ಯಾಂಕ್‌ಗೆ ವಾಪಸ್ ಕೊಡುತ್ತವೆ. ನಿಮ್ಮ ಸಿಮ್ಯುಲೇಟರ್ ವಿಮಾನದಲ್ಲಿ ಎಂಜಿನಿಯರ್ ಕೆಲಸ ತಾನೇ ಮಾಡುವ ಸೌಲಭ್ಯ ಇದ್ದರೆ ಎರಡು ಹಾರಾಟ ಅದಕ್ಕೇ ಬಿಡಿ. ಯಾವ ಲಿವರ್ ಯಾವಾಗ, ಎಷ್ಟು ಸರಿಯುತ್ತದೆ ಅಂತ ಸುಮ್ನೆ ಕೂತು ನೋಡಿ. ಅದರಿಂದ ನಾನು ಕಲಿತಷ್ಟು ಬೇರೆ ಯಾವುದರಿಂದಲೂ ಕಲಿತಿಲ್ಲ.

ಬಾಲಚಕ್ರ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಎಂಜಿನಿಯರ್ ಸೌಲಭ್ಯ ಹಾಕಿದರೆ ಕಣ್ಣು ಕಲಿಯುತ್ತದೆ, ಕೈ ಕಲಿಯುವುದಿಲ್ಲ. ಒಂದು ತಿಂಗಳು ಡಿಸಿ-3 ಹಾರಿಸಿ ಬನ್ನಿ. 1935ರ ಡಿಸೆಂಬರ್ 17ರಂದು ಮೊದಲು ಹಾರಿದ ವಿಮಾನ, ಎರಡೇ ಎಂಜಿನ್, ಕ್ಯಾಬಿನ್ ಪ್ರೆಶರ್ ತಲೆನೋವಿಲ್ಲ, ಎತ್ತರವೂ ಕಡಿಮೆ. ಆದರೆ ಥ್ರಾಟಲ್, ಪ್ರೊಪ್, ಮಿಕ್ಸ್ಚರ್ ಮೂರನ್ನೂ ನೀವೇ ನೋಡಿಕೊಳ್ಳಬೇಕು, ನೂರಕ್ಕೆ ಒಂದಿಂಚಿನ ಲೆಕ್ಕ ಅಲ್ಲೂ ಅದೇ. ಬಾಲದ ಚಕ್ರದ ವಿಮಾನ ಆದ್ದರಿಂದ ನೆಲದ ಮೇಲೆ ಕಾಲು ಕೂಡ ಕೆಲಸ ಕಲಿಯುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗೆ 2022ರಲ್ಲಿ ಬಂದ 40ನೇ ವಾರ್ಷಿಕೋತ್ಸವದ ಅಪ್‌ಡೇಟ್‌ನಲ್ಲಿ ಡಿಸಿ-3 ಇತ್ತು, ನಿಮ್ಮ ಹತ್ತಿರ ಈಗಾಗಲೇ ಇದ್ದರೂ ಇರಬಹುದು.

ಮೋಡದಾಚೆ

ಡಿಸಿ-3 ಖಂಡಿತ ಹಾರಿಸುತ್ತೇನೆ, ಆದರೆ ಈ ಇಳಿಯುವ ವಿಷಯ ಮೊದಲು ಬಗೆಹರಿಯಲಿ. ಒಂದು ಸಂಶಯ ಉಳಿದಿದೆ. ಫೈನಲ್‌ನಲ್ಲಿ (ರನ್‌ವೇ ಕಡೆಗೆ ನೇರವಾಗಿ ಇಳಿಯುವ ಕೊನೆಯ ಹಂತ) ಪ್ರೊಪ್ ಲಿವರ್ ಮುಂದಕ್ಕೆ ತಳ್ಳಿ ಆರ್‌ಪಿಎಂ ಜಾಸ್ತಿ ಮಾಡಿಕೊಳ್ಳಬೇಕು ಅಂತ ಚೆಕ್‌ಲಿಸ್ಟ್‌ನಲ್ಲಿದೆ. ಆಗ 2,400ಕ್ಕೆ 24 ಇಂಚು ಬೇಕಾಗುತ್ತದಲ್ವಾ? ಅಷ್ಟು ಪವರ್ ಇಟ್ಟುಕೊಂಡು ರನ್‌ವೇ ಮುಟ್ಟುವುದು ಹೇಗೆ?

ಬಿಸಿಎಣ್ಣೆ

ಒಳ್ಳೆ ಪ್ರಶ್ನೆ. ಆ ಲೆಕ್ಕ ಇರುವುದು ಗಾಳಿ ಜೋರಾಗಿ ಪ್ರೊಪೆಲ್ಲರನ್ನು ತಿರುಗಿಸುತ್ತಿರುವಾಗ. ಫೈನಲ್‌ನಲ್ಲಿ ವೇಗ ಕಡಿಮೆ, ಗಾಳಿಗೆ ಆ ಬಲ ಇರುವುದಿಲ್ಲ. ಜೊತೆಗೆ ಗೇರ್, ಫ್ಲ್ಯಾಪ್ ಎಲ್ಲ ಹೊರಗಿರುತ್ತವೆ, ವಿಮಾನ ಎಳೆದು ಹಿಡಿದ ಹಾಗೆ ಇರುತ್ತದೆ, ಎತ್ತರ ಕಾಯಲು ಹೇಗೂ ಒಳ್ಳೆ ಪವರ್ ಬೇಕು. ಪೂರ್ತಿ ಥ್ರಾಟಲ್ ತೆಗೆಯುವುದು ರನ್‌ವೇ ಮೇಲೆ ಬಂದಾಗ, ಅದೂ ನಿಧಾನಕ್ಕೆ. ಅಷ್ಟು ಕಡಿಮೆ ವೇಗದಲ್ಲಿ ಪವರ್ ತೆಗೆದರೆ ಬ್ಲೇಡ್‌ಗಳು ಫೈನ್ ಪಿಚ್ (ಬ್ಲೇಡಿನ ಅತಿ ಕಡಿಮೆ ಕೋನ) ತುದಿಗೆ ಬಂದು ನಿಂತುಬಿಡುತ್ತವೆ, ಲಿವರ್ ಎಲ್ಲಿದ್ದರೂ ಆರ್‌ಪಿಎಂ ಬೀಳುತ್ತದೆ. ಲಿವರ್ ಮುಂದಿರುವುದು ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಬೇಕಾದರೆ ಪವರ್ ತಕ್ಷಣ ಸಿಗಲಿ ಅಂತ.

ಮೋಡದಾಚೆ

ಇವತ್ತು ಬೆಳಿಗ್ಗೆ ಹಾರಿದೆ. 120 ಮೈಲಿ ಇರುವಾಗಲೇ ಇಳಿಯಲು ಶುರು ಮಾಡಿದೆ, 2,000 ಆರ್‌ಪಿಎಂ, 24 ಇಂಚು. ಎರಡು ನಿಮಿಷಕ್ಕೊಮ್ಮೆ ಥ್ರಾಟಲ್ ಒಂದು ಕೂದಲಷ್ಟು ಹಿಂದಕ್ಕೆ. ಅರ್ಧ ಗಂಟೆ ಅದೇ ಕೆಲಸ. ಕೈಗೆ ಆ ಲಯ ಸಿಕ್ಕ ಮೇಲೆ ಬೇರೆ ಏನೂ ಬೇಡ ಅನ್ನಿಸಿತು. ಸಿಲಿಂಡರ್ ಟೆಂಪರೇಚರ್ ತುಂಬಾ ನಿಧಾನಕ್ಕೆ ಇಳಿಯಿತು, ಎಲ್ಲೂ ಕುಸಿಯಲಿಲ್ಲ. 3,000 ಅಡಿಯಲ್ಲಿ ಸಮತಟ್ಟಾಗಿ ಹಾರುತ್ತಾ ಫ್ಲ್ಯಾಪ್, ಗೇರ್ ಇಳಿಸಿದೆ. ನಾಲ್ಕೂ ಎಂಜಿನ್ ಓಡುತ್ತಿರುವಾಗಲೇ ರನ್‌ವೇಯಿಂದ ಹೊರಗೆ ಬಂದದ್ದು ಇದೇ ಮೊದಲು. ಮೇಂಟೆನೆನ್ಸ್ ಪುಟದಲ್ಲಿ ಮೂರನೆಯದಕ್ಕೆ ಏನೂ ಆಗಿಲ್ಲ. ಮೂವರಿಗೂ ತುಂಬಾ ಧನ್ಯವಾದ.

ಪಾರ್ಕಿಂಗ್‌ಗೆ ಬಂದು ಮಿಕ್ಸ್ಚರ್ ಕಟ್ ಮಾಡಿದ ಮೇಲೆ ಕೌಲ್ ಫ್ಲ್ಯಾಪ್ ಮುಚ್ಚಬೇಕಾ?

ಬಿಸಿಎಣ್ಣೆ

ಬೇಡ, ತೆರೆದೇ ಬಿಡಿ. ಒಳಗಿನ ಬಿಸಿ ಹೊರಗೆ ಹೋಗಲಿ. ತಣ್ಣಗಾದ ಮೇಲೆ ಮುಚ್ಚಿದರಾಯಿತು.