ಅಸ್ಟಿಗ್ಮ್ಯಾಟಿಸಂ ಇರೋರಿಗೆ ರೆಡ್ ಡಾಟ್ ಸರಿಹೋಗುತ್ತಾ?

ಜಯನಗರದ ಶೂಟರ್: ಹವ್ಯಾಸಕ್ಕೆ ಏರ್ ರೈಫಲ್ ಹೊಡೆಯುತ್ತೇನೆ. ಬಲಗಣ್ಣಿಗೆ ಅಸ್ಟಿಗ್ಮ್ಯಾಟಿಸಂ, ಅಂದರೆ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಇದೆ. ಗೆಳೆಯನ ರೆಡ್ ಡಾಟ್‌ನಲ್ಲಿ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ, ಗುರಿ ಹಿಡಿಯೋ ಸೈಟ್) ನೋಡಿದರೆ ಚುಕ್ಕಿ ದುಂಡಗಿರಲ್ಲ, ಅಲ್ಪವಿರಾಮದ ಹಾಗೆ ಬಾಲ ಬಿಟ್ಟುಕೊಂಡು ಹರಡಿರುತ್ತದೆ. ದುಡ್ಡು ಸುರಿಯುವ ಮುಂಚೆ ಕೇಳೋಣ ಅಂತ, ಏನು ತಗೊಳ್ಳಲಿ?

ಮಲ್ಲೇಶ್ವರದವನು: ಮೊದಲು ಕೆಟ್ಟಿರೋದು ಸೈಟೋ ಕಣ್ಣೋ ನೋಡಿ ಸಾರ್. ಚುಕ್ಕಿಯ ಫೋಟೋ ಮೊಬೈಲಲ್ಲಿ ತೆಗೆಯಿರಿ, ಅದರಲ್ಲಿ ದುಂಡಗಿದ್ದರೆ ಸೈಟ್ ಸರಿಯಿದೆ. ಬ್ರೈಟ್‌ನೆಸ್ ಇಳಿಸಿಯೂ ನೋಡಿ, ಜಾಸ್ತಿ ಇಟ್ಟಷ್ಟೂ ಬಾಲ ಬೆಳೆಯುತ್ತದೆ.

ಹಳೇ ಗುರಿಕಾರ: ಪ್ರಿಸಂ ಸ್ಕೋಪ್ ತಗೊಳ್ಳಿ, ಅಂದರೆ ಒಳಗೆ ಪ್ರಿಸಂ ಗಾಜಿರುವ ಚಿಕ್ಕ ದುರ್ಬೀನಿನಂಥ ಸೈಟ್. ಅದರಲ್ಲಿ ರೆಟಿಕಲ್ (ಗುರಿ ಹಿಡಿಯೋ ಗುರುತು) ಗಾಜಿನ ಮೇಲೇ ಕೊರೆದಿರುತ್ತದೆ, ಬ್ಯಾಟರಿ ಹೋದರೂ ಕಪ್ಪಗೆ ಕಾಣುತ್ತದೆ, ಕಣ್ಣಿನ ಕಡೆಯ ಐಪೀಸ್ ತಿರುಗಿಸಿ ಫೋಕಸ್ ಕೂಡ ಮಾಡಿಕೊಳ್ಳಬಹುದು. ಆದರೆ ಆ ಫೋಕಸ್ ಸಿಲಿಂಡರ್ ಪವರನ್ನು ಸರಿ ಮಾಡಲ್ಲ, ಹಾಗಾಗಿ ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಕಣ್ಣು ಸರಿಯಾದ ದೂರದಲ್ಲೇ ಇರಬೇಕು, ಅದೊಂದು ಕಿರಿಕಿರಿ. ಮತ್ತೆ ನಿಮ್ಮದು ಸ್ಪ್ರಿಂಗ್ ರೈಫಲ್ ಆದರೆ ಏರ್‌ಗನ್‌ಗೆ ಅಂತಲೇ ಮಾಡಿದ್ದನ್ನು ಕೇಳಿ. ಸ್ಪ್ರಿಂಗ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ, ಮಾಮೂಲಿ ಸ್ಕೋಪ್ ತಡೆಯಲ್ಲ.

ಪೀಪ್‌ಸೈಟ್ ಪ್ರೇಮಿ: ಮುಂದೆ ಸ್ಪರ್ಧೆಗೆ ಹೋಗೋ ಆಸೆ ಇದೆಯಾ? ಇದ್ದರೆ ಇದ್ಯಾವುದೂ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್ ನಡೆಯಲ್ಲ, ಸಣ್ಣ ತೂತಿನಿಂದ ಗುರಿ ನೋಡುವ ಪೀಪ್ ಸೈಟ್ ಮಾತ್ರ. ಆ ತೂತಿನಿಂದ ನೋಡಿದರೆ ಮಸುಕೂ ಎಷ್ಟೋ ಕಡಿಮೆಯಾಗುತ್ತದೆ.